ಆಡಿನ ಮರಿಗಳಿಗೆ ಟ್ರೇ ಮೇವು ತಿನ್ನಿಸುವ ಮೊದಲು ದಯವಿಟ್ಟು ಇದನ್ನು ಓದಿ

ವಿಜಯಪುರದಿಂದ ಬಂದು ಪುಣೆಯ ಭೋಸರಿಯಲ್ಲಿ ನೆಲೆಸಿರುವ ನಾವು ಚಾಕಣದ ಆಚೆ ಒಂದು ತುಂಡು ಜಮೀನಿನಲ್ಲಿ ಉಸ್ಮಾನಾಬಾದಿ ತಳಿಯ ಆಡುಗಳನ್ನು ಸಾಕುತ್ತಿದ್ದೇವೆ. ಕಳೆದ ಮಳೆಗಾಲದ ಆರಂಭದಲ್ಲಿ, ಆರು ವಾರ ದಾಟಿದ 11 ಮರಿಗಳಲ್ಲಿ 4 ಮರಿಗಳು ಐದೇ ದಿನಗಳಲ್ಲಿ ಸತ್ತವು. ಅವಕ್ಕೆ ನಾನೇ ಕೈಯಾರೆ ತಿನ್ನಿಸಿದ್ದು ಹೈಡ್ರೋಪೋನಿಕ್ ಗೋವಿನಜೋಳದ ಮೇವು, ಅಂದರೆ ಮಣ್ಣಿಲ್ಲದೆ ಟ್ರೇಗಳಲ್ಲಿ ನೀರಿನಿಂದಲೇ ಬೆಳೆಸಿದ ಮೊಳಕೆ.

ಟ್ರೇಗಳನ್ನು ಮಾರಿದವರು ಇದನ್ನು ಹಸಿ ಹುಲ್ಲೆಂದೇ ಹೇಳಿದ್ದರು, ಮರಿಗಳಿಗೂ ಹೊಟ್ಟೆ ತುಂಬ ಕೊಡಬಹುದೆಂದಿದ್ದರು. ಅದು ಹುಲ್ಲಲ್ಲ. ಬೇರುಗಳು ಹೆಣೆದುಕೊಂಡು ಎಂಟು ದಿನಗಳಲ್ಲಿ ಟ್ರೇಯಿಂದ ಚಾಪೆಯಂತೆ ಹೊರಬರುವ ಆ ಮೇವಿನ ಮೇಲ್ಭಾಗದಲ್ಲಿ ಎಳೆಯ ಎಲೆಗಳಿದ್ದರೂ, ಕೆಳಗೆ ಬೇರುಗಳ ನಡುವೆ ಮೊಳಕೆಯೊಡೆಯದೆ ನೀರು ಕುಡಿದು ಉಬ್ಬಿದ ಕಾಳುಗಳು ಹಾಗೆಯೇ ಉಳಿದಿರುತ್ತವೆ. ಒಂದು ಕಿಲೋ ಬೀಜದಿಂದ ಐದಾರು ಕಿಲೋ ಮೇವು ಬರುವುದು ನಿಜ, ಆದರೆ ಹೆಚ್ಚಿದ ತೂಕವೆಲ್ಲ ನೀರು. ಮೊಳಕೆ ತನ್ನ ಉಸಿರಾಟಕ್ಕೆ ಕಾಳಿನ ಪಿಷ್ಟವನ್ನೇ ಬಳಸುವುದರಿಂದ ಒಣ ಅಂಶವು ಬಿತ್ತಿದ ಬೀಜದಲ್ಲಿದ್ದುದಕ್ಕಿಂತ ಕಡಿಮೆಯೇ ಆಗುತ್ತದೆ.

ಹಸಿರು ಸಿಕ್ಕಿತೆಂಬ ಸಂತೋಷದಲ್ಲಿ ನಾನು ಮರಿಗಳಿಗೆ ಕೊಡುತ್ತಿದ್ದ ತೊಗರಿ ಹೊಟ್ಟು ಮತ್ತು ಜೋಳದ ಕಣಿಕೆಯನ್ನು ನಿಲ್ಲಿಸಿ, ಬೆಳಗಿನ ಖಾಲಿ ಹೊಟ್ಟೆಗೇ ಈ ಚಾಪೆಯನ್ನು ಹರಿದು ಹಾಕಿದೆ. ಮೂರನೆಯ ದಿನ ಹಿಕ್ಕೆ ಅಂಬಲಿಯಂತೆ ತೆಳುವಾಯಿತು, ಎಡಪಕ್ಕೆ ಉಬ್ಬಿತು, ಮರಿಗಳು ಹಲ್ಲು ಕಡಿಯುತ್ತ ಮೂಲೆಯಲ್ಲಿ ನಿಂತವು, ತಾಯಿಯ ಕೆಚ್ಚಲಿನ ಕಡೆಗೂ ಹೋಗಲಿಲ್ಲ. ಆ ನಿಲುವು ಇಂದಿಗೂ ನನ್ನ ಕಣ್ಣ ಮುಂದಿದೆ. ಸತ್ತ ಮರಿಯನ್ನು ಸೀಳಿ ನೋಡಿದ ಪಶುವೈದ್ಯರಿಗೆ ಹೊಟ್ಟೆಯಲ್ಲಿ ಹುಳಿ ವಾಸನೆಯ ನೀರೂ ಇಡೀ ಇಡೀ ಕಾಳುಗಳೂ ಕಂಡವು. ಮೆಲುಕು ಹಾಕುವ ಹೊಟ್ಟೆ ಇನ್ನೂ ಬಲಿಯದ ವಯಸ್ಸಿನಲ್ಲಿ ಕಾಳಿನ ಪಿಷ್ಟ ಒಮ್ಮೆಲೇ ಹುದುಗಿ ಆಮ್ಲವಾಗಿತ್ತು.

ಎರಡನೆಯ ತಪ್ಪು ಬೂಷ್ಟಿನದು. ಜೂನ್ ತಿಂಗಳ ತೇವದಲ್ಲಿ ಟ್ರೇಯ ಅಡಿಯಲ್ಲಿ ಬಿಳಿ ನೂಲಿನಂಥದ್ದು ಹಬ್ಬಿದಾಗ ನಾನು ಅದನ್ನು ಬೇರಿನ ರೋಮವೆಂದುಕೊಂಡೆ. ಬೇರಿನ ರೋಮ ಒಂದೊಂದು ಬೇರಿನ ಸುತ್ತ ಮಾತ್ರ ಇರುತ್ತದೆ. ಬೂಷ್ಟು ಕಾಳಿನಿಂದ ಕಾಳಿಗೆ ಜೇಡರ ಬಲೆಯಂತೆ ಹೆಣೆದುಕೊಂಡು, ಬೂದು ಇಲ್ಲವೇ ಹಸಿರು ಬಣ್ಣಕ್ಕೆ ತಿರುಗಿ, ಮುಗ್ಗಲು ವಾಸನೆ ಬೀರುತ್ತದೆ. ಅಂಥ ಟ್ರೇಯ ಮೇಲಿನ ಎಲೆಯನ್ನಷ್ಟೇ ಕತ್ತರಿಸಿ ಹಾಕುವ ಉಳಿತಾಯವೂ ಬೇಡ, ಇಡಿಯಾಗಿ ಎಸೆಯಿರಿ. ಬಿತ್ತನೆಗೆಂದು ಔಷಧ ಲೇಪಿಸಿದ ಗುಲಾಬಿ ಬಣ್ಣದ ಬೀಜವನ್ನಂತೂ ಟ್ರೇಗೆ ಹಾಕಲೇಬೇಡಿ, ಅದು ವಿಷ.

ಉಳಿದ 7 ಮರಿಗಳಿಗೆ ಮೂರು ತಿಂಗಳು ತುಂಬುವವರೆಗೆ ತಾಯಿಯ ಹಾಲು, ಹೊಟ್ಟು ಮತ್ತು ಶೇವರಿ ಗಿಡದ ಸೊಪ್ಪನ್ನು ಕೊಟ್ಟೆವು. ಟ್ರೇ ಮೇವು ಈಗ ದೊಡ್ಡ ಆಡುಗಳಿಗೆ ಮಾತ್ರ, ಅದೂ ಕಣಿಕೆ ತಿಂದ ಮೇಲೆ, ಬೇಸಿಗೆಯಲ್ಲಿ.