ಖಲಿ ಅಕಾಡೆಮಿ ರಿವ್ಯೂ: ಪ್ರೊ ರೆಸ್ಲಿಂಗ್ ಕಲಿಯೋಕೆ ಜಲಂಧರ್‌ಗೆ ಹೋಗ್ಬೇಕು ಅನ್ನೋರಿಗೆ

ರೆಸ್ಲಿಂಗ್ ಹುಚ್ಚಿರೋ ಹುಡುಗ್ರು "ಖಲಿ ಅಕಾಡೆಮಿ ಹೆಂಗೆ, ಸೇರಬಹುದಾ" ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಬರೀತಿದೀನಿ. ನಾನು ಅಲ್ಲಿ ಸೇರಿ ಕಲಿತವನಲ್ಲ, ಅವರ ಶೋಗಳನ್ನ ಯೂಟ್ಯೂಬಲ್ಲಿ ನೋಡ್ಕೊಂಡು, ಅಲ್ಲಿಂದ ಹೊರಗೆ ಬಂದವರ ಮ್ಯಾಚ್ ಹುಡುಕಿ ಹುಡುಕಿ ನೋಡಿದ ಫ್ಯಾನ್ ಹೇಳ್ತಿರೋ ಮಾತು ಇದು. ಜನರ ಮುಂದೆ ನಿಂತು ಗೆಲ್ಲೋದು ಕಲಿಯೋಕೆ ಆ ಶಾಲೆ ಚೆನ್ನಾಗಿದೆ, ಪಟ್ಟು ಕಲಿಯೋಕೆ ಅದೊಂದೇ ಸಾಕಾಗಲ್ಲ.

ಯಾಕೆ ಅಂತ ಗೊತ್ತಾಗಬೇಕಂದ್ರೆ ಖಲಿ ಬಂದ ದಾರಿ ನೋಡ್ಬೇಕು. ಹಿಮಾಚಲದ ಸಿರ್ಮೌರ್ ಜಿಲ್ಲೆಯ ಧಿರೈನಾ ಹಳ್ಳಿಯವರು, ನಿಜವಾದ ಹೆಸರು ದಲೀಪ್ ಸಿಂಗ್ ರಾಣಾ, ಪಂಜಾಬ್ ಪೊಲೀಸಲ್ಲಿದ್ದೋರು, 2000ದಲ್ಲಿ ಅಮೆರಿಕಾದಲ್ಲಿ ರಿಂಗಿಗೆ ಇಳಿದ್ರು, ಆಮೇಲೆ ಜಪಾನ್‌ನಲ್ಲಿ ಜೈಂಟ್ ಸಿಂಗ್ ಅಂತ ಆಡಿದ್ರು. 2006 ಏಪ್ರಿಲಲ್ಲಿ ಅಮೆರಿಕಾದ ದೊಡ್ಡ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಇಗೆ ಬಂದು, ಅಲ್ಲಿನ ಸ್ಟಾರ್ ಅಂಡರ್‌ಟೇಕರ್ ಮೇಲೆ ಬಿದ್ದಾಗ ನಮ್ಮ ಕಡೆ ಟಿವಿ ಮುಂದೆ ಕೂತ ಹುಡುಗ್ರೆಲ್ಲ ದಂಗಾಗಿಹೋದ್ರು. ಮುಂದಿನ ತಿಂಗಳೇ ಜಡ್ಜ್‌ಮೆಂಟ್ ಡೇ ಅನ್ನೋ ಶೋನಲ್ಲಿ ಅದೇ ಅಂಡರ್‌ಟೇಕರನ್ನ ಸೋಲಿಸಿದ್ರು. 2007 ಜುಲೈನಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್, ಸೆಪ್ಟೆಂಬರಲ್ಲಿ ಆ ಚಾಂಪಿಯನ್ ಬೆಲ್ಟ್ ಬಟಿಸ್ಟಾ ಅನ್ನೋ ರೆಸ್ಲರ್ ಕೈಗೆ. ಅವರ ಹತ್ರ ಪಟ್ಟುಗಳು ಕಮ್ಮಿ, ನಡಿಗೆ ನಿಧಾನ, ವಿಮರ್ಶಕರು ಯಾವತ್ತೂ ಒಳ್ಳೆ ಮಾರ್ಕ್ಸ್ ಕೊಟ್ಟಿಲ್ಲ. ಆದ್ರೂ ಎರಡು ಕೈಯಲ್ಲಿ ತಲೆ ಅದುಮಿ ಹಿಡಿದ್ರೆ ಇಡೀ ಸ್ಟೇಡಿಯಂ ಎದ್ದು ನಿಲ್ತಿತ್ತು. ಇದು ಸುಮ್ನೆ ಬರೋದಲ್ಲ, ಎಷ್ಟೋ ಒಳ್ಳೆ ಕುಸ್ತಿಪಟುಗಳಿಗೆ ಬರೋದೇ ಇಲ್ಲ. 2014ರಲ್ಲಿ ಡಬ್ಲ್ಯೂಡಬ್ಲ್ಯೂಇ ಬಿಟ್ಟು 2015ರಲ್ಲಿ ಜಲಂಧರ್‌ನಲ್ಲಿ ಕಾಂಟಿನೆಂಟಲ್ ರೆಸ್ಲಿಂಗ್ ಎಂಟರ್‌ಟೈನ್‌ಮೆಂಟ್, ಅಂದ್ರೆ ಸಿಡಬ್ಲ್ಯೂಇ ಶುರು ಮಾಡಿದ್ರು, ಎಲ್ಲರೂ ಖಲಿ ಅಕಾಡೆಮಿ ಅನ್ನೋದು ಇದನ್ನೇ.

ಇನ್ನೊಂದು ವಿಷಯ ಸೇರೋರಿಗೆ ಗೊತ್ತಿರಲೇಬೇಕು. ಖಲಿ ಕ್ಯಾಲಿಫೋರ್ನಿಯಾದಲ್ಲಿ ಕಲೀತಿದ್ದಾಗ, 2001ರಲ್ಲಿ, ಪ್ರಾಕ್ಟೀಸಲ್ಲಿ ಅವರ ಜೊತೆ ಆಡ್ತಿದ್ದ ಇನ್ನೊಬ್ಬ ಹುಡುಗ ತಲೆಗೆ ಪೆಟ್ಟಾಗಿ ತೀರಿಕೊಂಡ. ಕೇಸ್ ಕೋರ್ಟಿಗೆ ಹೋಗಿ 2005ರಲ್ಲಿ ಜ್ಯೂರಿ ತಪ್ಪು ಆ ಟ್ರೈನಿಂಗ್ ಶಾಲೆಯದೇ ಅಂತ ಹೇಳ್ತು. ಪ್ರೊ ರೆಸ್ಲಿಂಗ್ ನಾಟಕ, ಏಟು ಬೀಳಲ್ಲ ಅನ್ನೋರಿಗೆ ನಾನು ಇದನ್ನೇ ಹೇಳೋದು. ಯಾರು ಗೆಲ್ತಾರೆ ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ, ಬೀಳೋದು ಮಾತ್ರ ನಿಜವಾದ ಬೀಳೋದೇ. ರಿಂಗ್ ಅಂದ್ರೆ ಕಬ್ಬಿಣದ ಫ್ರೇಮ್, ಮೇಲೆ ಹಲಗೆ, ತೆಳ್ಳಗೆ ಫೋಮ್, ಅದರ ಮೇಲೆ ಕ್ಯಾನ್ವಾಸ್ ಅಷ್ಟೇ. ನಮ್ಮ ಗರಡಿ ಕುಸ್ತೀಲಿ ಬೆನ್ನು ಮಣ್ಣಿಗೆ ತಾಗಿದ್ರೆ ಸೋಲು, ಇಲ್ಲಿ ಬೆನ್ನ ಮೇಲೆ ಬೀಳೋದೇ ಮೊದಲನೇ ಪಾಠ: ಗದ್ದ ಎದೆಗೆ ಒತ್ತಿ ಹಿಡೀಬೇಕು, ಮೇಲಿನ ಬೆನ್ನು ಪೂರ್ತಿ ಒಂದೇ ಸಲಕ್ಕೆ ತಾಗಬೇಕು, ಎರಡೂ ಕೈ ಚಾಚಿ ಕ್ಯಾನ್ವಾಸಿಗೆ ಹೊಡೀಬೇಕು, ಉಸಿರು ಹೊರಗೆ ಬಿಡ್ಬೇಕು. ಗದ್ದ ಬಿಟ್ಟುಕೊಟ್ರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತೆ. ಹಾಗಾಗಿ ಎಲ್ಲೇ ಸೇರಿ, ಸಿಡಬ್ಲ್ಯೂಇ ಆಗಲಿ ಬೇರೆ ಆಗಲಿ, ಬೀಳೋದು ಎಷ್ಟು ದಿನ ಕಲಿಸ್ತೀರಿ, ತಲೆಗೆ ಪೆಟ್ಟಾದ್ರೆ ಎಷ್ಟು ದಿನ ರೆಸ್ಟ್ ಕೊಡ್ತೀರಿ, ಡಾಕ್ಟರ್ ಯಾರು, ಇದನ್ನ ಮೊದಲು ಕೇಳಿ, ಫೀಸ್ ಮಾತು ಆಮೇಲೆ.

ಈಗ ಶಾಲೆಯ ದೊಡ್ಡ ಹೆಮ್ಮೆ, ಕವಿತಾ ದಲಾಲ್. ಹರಿಯಾಣದವರು, ವೇಟ್‌ಲಿಫ್ಟಿಂಗಲ್ಲಿ 2016ರ ಸೌತ್ ಏಷ್ಯನ್ ಗೇಮ್ಸ್ ಚಿನ್ನ. ಅದೇ ವರ್ಷ ಸಿಡಬ್ಲ್ಯೂಇ ರಿಂಗಲ್ಲಿ ಬಿಬಿ ಬುಲ್ ಬುಲ್ ಅನ್ನೋ ರೆಸ್ಲರ್ ಮೈಕ್ ಹಿಡಿದು "ಯಾರಿದೀರಾ ಬನ್ನಿ" ಅಂತ ಸವಾಲು ಹಾಕಿದಾಗ ಸಲ್ವಾರ್ ಕಮೀಜಲ್ಲೇ ರಿಂಗ್ ಹತ್ತಿ ಎತ್ತಿ ಬಿಸಾಕಿದ್ರು. ಆ ವಿಡಿಯೋ ಎಲ್ಲಾ ಕಡೆ ಓಡ್ತು. 2017ರಲ್ಲಿ ಡಬ್ಲ್ಯೂಡಬ್ಲ್ಯೂಇಯ ಮೇ ಯಂಗ್ ಕ್ಲಾಸಿಕ್ ಅನ್ನೋ ಮಹಿಳೆಯರ ಟೂರ್ನಮೆಂಟ್‌ಗೂ ಸಲ್ವಾರಲ್ಲೇ ಹೋದ್ರು, ಡಕೋಟಾ ಕೈ ಅನ್ನೋ ರೆಸ್ಲರ್ ಎದುರು ಸೋತ್ರು, ಆದ್ರೆ ಗೆದ್ದವರಷ್ಟೇ ನೆನಪಲ್ಲುಳಿದ್ರು. ಕಾಂಟ್ರ್ಯಾಕ್ಟ್ ಸಿಕ್ತು, 2018ರಲ್ಲಿ ಡಬ್ಲ್ಯೂಡಬ್ಲ್ಯೂಇಯ ದೊಡ್ಡ ಶೋ ರೆಸಲ್‌ಮೇನಿಯಾದ ಬ್ಯಾಟಲ್ ರಾಯಲ್, ಅಂದ್ರೆ ತುಂಬಾ ಜನ ಒಟ್ಟಿಗೆ ರಿಂಗಿಗಿಳಿಯೋ ಮ್ಯಾಚಲ್ಲೂ ಇದ್ರು. ಇದು ಪಕ್ಕಾ ಖಲಿ ಸ್ಕೂಲಿನ ಗುಣ ಅನ್ಸುತ್ತೆ ನಂಗೆ: ನೀನು ಯಾರೋ ಹಾಗೇ ಬಾ, ಅದನ್ನೇ ಜನರಿಗೆ ತೋರ್ಸು. ದಿಲ್‌ಷೇರ್ ಶ್ಯಾಂಕಿ ಕೂಡ ಇಲ್ಲಿಂದಲೇ ಡಬ್ಲ್ಯೂಡಬ್ಲ್ಯೂಇಗೆ ಹೋದವರು, ಎತ್ತರದಲ್ಲಿ ಗುರುವಿಗೆ ಹತ್ತಿರ.

ಬೇಜಾರಾಗೋದು ಮ್ಯಾಚ್‌ಗಳ ವಿಷಯದಲ್ಲಿ. ಬೈದಾಟ, ಕುರ್ಚಿ, ಹೊರಗೆ ಜಗಳ, ಇದೇ ಜಾಸ್ತಿ, ಹಿಡಿತದಿಂದ ಹಿಡಿತಕ್ಕೆ ಸಾಗೋ ಕುಸ್ತಿ ಕಮ್ಮಿ. 2016 ಫೆಬ್ರವರಿಯಲ್ಲಿ ಉತ್ತರಾಖಂಡದ ಹಲ್ದ್ವಾನಿ ಶೋನಲ್ಲಿ ಖಲಿಗೇ ಕುರ್ಚಿ ಏಟು ಬಿದ್ದು ಆಸ್ಪತ್ರೆ ಸೇರಿದ್ರು, ಕೆಲವೇ ದಿನದಲ್ಲಿ ಡೆಹ್ರಾಡೂನ್‌ನಲ್ಲಿ ಮತ್ತೆ ರಿಂಗಲ್ಲಿ. ಜನ ಕಿರುಚಿದ್ರು ನಿಜ, ಆದ್ರೆ ಹೊಸಬರು ಅದನ್ನೇ ಪಾಠ ಅಂತ ತಗೊಂಡ್ರೆ ಕಷ್ಟ.

ನಿಮಗೆ ಈಗಾಗ್ಲೇ ಗರಡಿ, ಜೂಡೋ, ವೇಟ್‌ಲಿಫ್ಟಿಂಗ್ ಏನಾದ್ರೂ ಬುನಾದಿ ಇದ್ರೆ ಧೈರ್ಯವಾಗಿ ಯೋಚನೆ ಮಾಡಿ, ಏನೂ ಇಲ್ಲದೆ ಬರೀ ಬಾಡಿ ಬೆಳೆಸಿಕೊಂಡು ಹೋಗ್ಬೇಡಿ, ಮೊದಲು ಊರಲ್ಲೇ ಯಾರ ಹತ್ರನಾದ್ರೂ ಮ್ಯಾಟ್ ಕುಸ್ತಿ ಕಲೀರಿ. ತೀರ್ಮಾನ ಮಾಡೋಕೆ ಮುಂಚೆ ಕವಿತಾ ಅವರ ಆ 2016ರ ವಿಡಿಯೋ ನೋಡಿ, ಆಮೇಲೆ ಡಕೋಟಾ ಕೈ ಜೊತೆ ಮ್ಯಾಚ್ ನೋಡಿ. ಎರಡರಲ್ಲೂ ಅವರು ಬೀಳೋದನ್ನ ಗಮನಿಸಿ ನೋಡಿ, ಎತ್ತೋದನ್ನಲ್ಲ.