ಬೆಳಗಾವಿ ಲ್ಯಾಬ್‌ಗಳ ‘ಥೈರಾಯ್ಡ್ ಪ್ರೊಫೈಲ್’: ಕ್ಯಾನ್ಸರ್ ಆಪರೇಶನ್ ಆದವರಿಗೆ ಸಾಲದು

ಟಿಳಕವಾಡಿಯಿರಲಿ, ಖಡೇಬಜಾರವಿರಲಿ, ಲ್ಯಾಬ್‌ನಲ್ಲಿ ‘ಥೈರಾಯ್ಡ್ ಪ್ರೊಫೈಲ್’ ಕೇಳಿದರೆ ಸಾಮಾನ್ಯವಾಗಿ ಮಾಡಿಕೊಡುವುದು ಟಿ3, ಟಿ4 ಎಂಬ ಥೈರಾಯ್ಡ್ ಹಾರ್ಮೋನು, ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಹಾರ್ಮೋನು, ಈ ಮೂರನ್ನೇ. ಥೈರಾಕ್ಸಿನ್ ಗುಳಿಗೆಯ ಡೋಸ್ ನೋಡಲು ಅಷ್ಟು ಸಾಕು. ಆದರೆ ಪ್ಯಾಪಿಲರಿ, ಫಾಲಿಕ್ಯುಲರ್ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್‌ಗೆ ಇಡೀ ಗ್ರಂಥಿ ತೆಗೆಸಿಕೊಂಡವರ ಚಿಂತೆ ರೋಗ ಮರಳಿತೇ ಎಂಬುದು. ಅದಕ್ಕೆ ಈ ಪ್ಯಾಕೇಜಿನಲ್ಲಿ ಉತ್ತರವಿಲ್ಲ. ಥೈರೋಗ್ಲೋಬುಲಿನ್ (ಥೈರಾಯ್ಡ್ ಕೋಶಗಳಷ್ಟೇ ತಯಾರಿಸುವ ಪ್ರೋಟೀನು), ಜೊತೆಗೆ ಅದರ ವಿರುದ್ಧ ದೇಹ ತಯಾರಿಸುವ ಆ್ಯಂಟಿಬಾಡಿ ಎಂದು ಡಾಕ್ಟರ ಚೀಟಿಯಲ್ಲಿ ಬರೆಸಿಕೊಂಡೇ ಹೋಗಿ. ಎರಡನ್ನೂ ಒಂದೇ ಸಲ ಮಾಡಿಸಬೇಕು. ಆ್ಯಂಟಿಬಾಡಿ ಇದ್ದವರಲ್ಲಿ ಥೈರೋಗ್ಲೋಬುಲಿನ್ ಇದ್ದದ್ದಕ್ಕಿಂತ ಕಡಿಮೆ ಬರಬಹುದು.

ರಕ್ತ ತೆಗೆಯುವುದರಲ್ಲಿ ತಕರಾರಿಲ್ಲ. ಎಡವಟ್ಟಾಗುವುದು ರಿಪೋರ್ಟಿನಲ್ಲಿ. ಬಲಗಡೆ ಅಚ್ಚಾಗುವ ‘ನಾರ್ಮಲ್’ ಅಳತೆ ಗ್ರಂಥಿ ಇರುವವರದು. ಥೈರೋಗ್ಲೋಬುಲಿನ್ 12 ಬಂದರೂ ಅದು ದಪ್ಪಕ್ಷರದಲ್ಲಿ ಬರುವುದಿಲ್ಲ, ಮನೆಯವರು ನಿಶ್ಚಿಂತರಾಗುತ್ತಾರೆ. ಗ್ರಂಥಿ ತೆಗೆದು, ಉಳಿದ ಥೈರಾಯ್ಡ್ ಕೋಶ ನಾಶಮಾಡಲು ರೇಡಿಯೋ ಅಯೋಡಿನ್ ಕೊಟ್ಟ ಮೇಲೆ, ಗುಳಿಗೆ ನಡೆದಿರುವಾಗಲೇ ಮಿಲಿಲೀಟರಿಗೆ 0.2 ನ್ಯಾನೋಗ್ರಾಂಗಿಂತ ಕಡಿಮೆ ಇರುವುದೇ ಒಳ್ಳೆಯ ಲಕ್ಷಣ. 12 ಬಂದರೆ ಕುತ್ತಿಗೆಯ ಸ್ಕ್ಯಾನಿಂಗ್ ತಡಮಾಡಬಾರದು. ಅರ್ಧ ಗ್ರಂಥಿ ಉಳಿದವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಪ್ರತಿ ಸಲ ಒಂದೇ ಲ್ಯಾಬ್, ಒಂದೇ ವಿಧಾನ ಇರಲಿ. ರಿಯಾಯಿತಿ ನೋಡಿ ಲ್ಯಾಬ್ ಬದಲಿಸಿದರೆ ಯಂತ್ರ ಬದಲಾದದ್ದಕ್ಕೇ ಅಂಕಿ ಏರಿಳಿದು ಕಾಣುತ್ತದೆ. ಕೂದಲು ಉದುರುವುದಕ್ಕೆ ಬಯೋಟಿನ್ ತಗೊಳ್ಳುತ್ತಿದ್ದರೆ ಎರಡು-ಮೂರು ದಿನ ಮೊದಲೇ ಬಿಡಿ. ಬೈಲಹೊಂಗಲ, ಗೋಕಾಕದಿಂದ ಬಸ್ಸಿಗೆ ಬರುವವರು ಇದಕ್ಕಾಗಿ ಉಪವಾಸ ಇರಬೇಕಿಲ್ಲ, ಚಹಾ ಕುಡಿಯಬಹುದು. ಥೈರಾಕ್ಸಿನ್ ಗುಳಿಗೆ ಮಾತ್ರ ರಕ್ತ ಕೊಟ್ಟ ನಂತರ.

ಎಲ್ಲರಿಗೂ ಒಂದೇ ವಾರ್ಷಿಕ ಪ್ಯಾಕೇಜ್ ಮಾರುವುದೂ ಸರಿಯಲ್ಲ. ವಯಸ್ಸು 55 ದಾಟಿದವರು, ಗಡ್ಡೆ ಗ್ರಂಥಿಯ ಹೊರಗೆ ಚಾಚಿದ್ದವರು, ಕುತ್ತಿಗೆಯ ಪಕ್ಕದ ಗಂಟುಗಳಿಗೆ ಹಬ್ಬಿದ್ದವರು ಹೆಚ್ಚು ಎಚ್ಚರದಿಂದಿರಬೇಕು. ಅವರಿಗೆ ಆರು ತಿಂಗಳಿಗೊಮ್ಮೆ ಬೇಕಾಗಬಹುದು. ಗ್ರಂಥಿಯೊಳಗೇ ಇದ್ದ ಸಣ್ಣ ಪ್ಯಾಪಿಲರಿಯವರು ಬಹುತೇಕ ಪೂರ್ಣ ಆಯುಷ್ಯ ಬಾಳುತ್ತಾರೆ. ಅಂಥವರ ಟಿಎಸ್‌ಎಚ್ ಅನ್ನು ಗುಳಿಗೆಯ ಡೋಸ್ ಏರಿಸಿ ವರ್ಷಗಟ್ಟಲೆ 0.1ಕ್ಕಿಂತ ಕೆಳಗೆ ಒತ್ತಿಡುವುದು ಎಲುಬು ಸವೆಸುತ್ತದೆ, ಹೃದಯದ ಬಡಿತ ಕೆಡಿಸುತ್ತದೆ. ಹಾಗಿದ್ದೂ ರೋಗ ಹತ್ತಿಪ್ಪತ್ತು ವರ್ಷದ ಮೇಲೂ ಮರಳಬಹುದು, ಹಳೆಯ ರಿಪೋರ್ಟು ಎಸೆಯಬೇಡಿ.

ಮೆಡ್ಯುಲರಿ ಎಂಬ ಇನ್ನೊಂದು ಬಗೆಯ ಥೈರಾಯ್ಡ್ ಕ್ಯಾನ್ಸರ್‌ನವರಿಗೆ ಥೈರೋಗ್ಲೋಬುಲಿನ್‌ನಿಂದ ಉಪಯೋಗವಿಲ್ಲ. ಅವರು ಕೇಳಬೇಕಾದ್ದು ಕ್ಯಾಲ್ಸಿಟೋನಿನ್ ಮತ್ತು ಸಿಇಎ ಎಂಬ ಎರಡು ರಕ್ತಪರೀಕ್ಷೆ.