ಫ್ಯಾಷನ್ ವಿನ್ಯಾಸವೋ, ಚಾರಿತ್ರಿಕ ವೇಷಭೂಷಣವೋ?

ಪಿಯುಸಿ ಮುಗಿಸಿದವರಿಗೆ ಬೆಂಗಳೂರಿನ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್‌ನ ದಾರಿ ನೇರ: ಪ್ರವೇಶ ಪರೀಕ್ಷೆ, ನಾಲ್ಕು ವರ್ಷ, ಫ್ಯಾಷನ್ ವಿನ್ಯಾಸದ ಪದವಿ. ಶುಲ್ಕ ಹಗುರವಲ್ಲ, ಆದರೆ ಸಿದ್ಧ ಉಡುಪು ಉದ್ಯಮ ಅದೇ ಊರಿನಲ್ಲಿದೆ.

ವೇಷಭೂಷಣ ಕಲಿಯಲು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿದೆ. ಅಲ್ಲಿನ ಮೂರು ವರ್ಷದ ಡಿಪ್ಲೊಮಾಕ್ಕೆ ಪದವಿಯೂ ರಂಗಾನುಭವವೂ ಬೇಕು. ವಿದ್ಯಾರ್ಥಿವೇತನ ಸಿಗುತ್ತದೆ. ಉಡುಪನ್ನು ಬೆಳಕು, ರಂಗಸಜ್ಜಿಕೆಗಳ ಜೊತೆಯಲ್ಲೇ ಕಲಿಯಬೇಕು.

ಫ್ಯಾಷನ್ ವಿದ್ಯಾರ್ಥಿಯ ಕಣ್ಣು ಮುಂದಿನ ಋತುವಿನ ಮೇಲೆ. ವೇಷಭೂಷಣದವರು ಪುರಾವೆ ಹುಡುಕುತ್ತಾರೆ. ವಿಜಯನಗರ ಕಾಲದ ನಾಟಕವಾದರೆ ಲೇಪಾಕ್ಷಿ ದೇವಾಲಯದ ಚಾವಣಿಯ ಚಿತ್ರಗಳ ಮುಂದೆ ನಿಂತು ಸೀರೆಯ ವಿನ್ಯಾಸ, ಗಂಡಸರ ಎತ್ತರದ ಟೊಪ್ಪಿಗೆಗಳನ್ನು ಬರೆದುಕೊಳ್ಳಬೇಕು. ಹೊಲಿಗೆ ಯಂತ್ರ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ಅದಕ್ಕೂ ಹಿಂದಿನ ಉಡುಪಿನಲ್ಲಿ ಕಣ್ಣಿಗೆ ಬೀಳುವ ಹೊಲಿಗೆ ಕೈಯದ್ದೇ ಆಗಬೇಕು. ಹೊಸ ಬಟ್ಟೆಯನ್ನು ಸವೆಸಿ, ಬಣ್ಣಗೆಡಿಸಿ ಹಳೆಯದಾಗಿಸುವುದೂ ಕೆಲಸವೇ. ಈ ತಾಳ್ಮೆ ನನಗೆ ಬಹಳ ಪ್ರಿಯ.

ಎರಡರ ನಡುವೆ ಗೋಡೆಯಿಲ್ಲ. ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕೆ 1983ರಲ್ಲಿ ಆಸ್ಕರ್ ಪಡೆದ ಭಾನು ಅಥೈಯಾ ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಪತ್ರಿಕೆಗಳಿಗೆ ಫ್ಯಾಷನ್ ಚಿತ್ರ ಬರೆಯುತ್ತಿದ್ದವರು. ಹದಿನೆಂಟರ ವಯಸ್ಸಿನವರಿಗೆ ನನ್ನ ಸಲಹೆ: ಮೊದಲು ನಿಫ್ಟ್‌, ಜೊತೆಗೆ ಹವ್ಯಾಸಿ ತಂಡವೊಂದರ ನೇಪಥ್ಯದಲ್ಲಿ ದುಡಿಮೆ, ದೆಹಲಿಗೆ ಬೇಕಾದ ಎರಡು ಅರ್ಹತೆಗಳೂ ಆಗ ಕೈಗೆ ಬರುತ್ತವೆ.